ತೊಟ್ಟಿಲ ಹಗ್ಗದ ಏಳು ದಾರ

ಮಗ್ಗದಲ್ಲಿ ಒಬ್ಬ ಗಂಡಸು ದಿನಪೂರ್ತಿ ನೇಯಬೇಕಾದರೆ ಅವನ ಹಿಂದೆ ಒಬ್ಬ ಹೆಂಗಸು ದಿನಪೂರ್ತಿ ಕಂಡಿಕೆ ಸುತ್ತಬೇಕು. ಇದು ನಿಮಗೆ ಮೊದಲೇ ಗೊತ್ತಿರಬೇಕಾದ ಮಾತು. ಸೀರೆಯ ದಡಿ ಮುಟ್ಟಿ ನೋಡಿ "ಎಂಥಾ ಕೈ ಆ ನೇಕಾರಂದು" ಎಂದು ಹೊಗಳುವವರಿಗೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟ ಇನ್ನೆರಡು ಕೈ ಕಾಣುವುದಿಲ್ಲ. ಆ ಎರಡು ಕೈಯಲ್ಲಿ ಒಂದು ರಾಟಿ ತಿರುಗಿಸುತ್ತ, ಇನ್ನೊಂದು ಎಳೆ ಹಿಡಿದಿದ್ದಾಗ ಮೊಲೆಗೂಸನ್ನು ಎತ್ತಿಕೊಂಡವರು ಯಾರು ಎಂದು ಕೇಳಿದವರಂತೂ ಇಲ್ಲವೇ ಇಲ್ಲ.

ಬನಹಟ್ಟಿಯ ಸಾತವ್ವ ಕೇಳಿದಳು. ಕೇಳುವುದಕ್ಕೆ ಮುಂಚೆ ಒಂದು ಶುಕ್ರವಾರ ಅವಳು ಅನುಭವಿಸಬೇಕಾಯಿತು.

ಆಗ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಪಕ್ಕದ ರಬಕವಿ ಸಾಂಗಲಿಯವರದ್ದು. ಒಬ್ಬ ರಾಜನ ಊರಿನಲ್ಲಿ ಎದ್ದು, ಇನ್ನೊಬ್ಬ ರಾಜನ ಊರಿಗೆ ನಡೆದು ಎಲೆ-ಅಡಿಕೆ ತಂದು, ಬಿಸಿಲೇರುವಷ್ಟರಲ್ಲಿ ಮನೆಗೆ ಬಂದು ಕೂಡಬಹುದಿತ್ತು. ರಾಜರು ಇಬ್ಬರಾದರೂ ಮಗ್ಗದ ಸಪ್ಪಳ ಒಂದೇ. ನಸುಕಿನಲ್ಲಿ ಒಂದು ಮನೆಯಲ್ಲಿ ಶುರುವಾದರೆ ಓಣಿಯ ಉದ್ದಕ್ಕೂ ಒಂದಾದ ಮೇಲೊಂದು ಮನೆ ದನಿಗೂಡಿಸುತ್ತಿತ್ತು. ಹುಳಿ ಬಂದ ಜೋಳದ ಗಂಜಿಯ ವಾಸನೆ, ಒದ್ದೆ ನೂಲಿನ ವಾಸನೆ, ಒಲೆಯ ಮೇಲೆ ರೊಟ್ಟಿ ಬೇಯುವ ವಾಸನೆ ಮೂರೂ ಬೆರೆತು ಓಣಿಗೆ ಅದರದೇ ಒಂದು ಗಾಳಿ ಇತ್ತು. ಆ ಓಣಿಯಲ್ಲಿ ಬೆಳೆದವರು ಎಷ್ಟು ದೂರ ಹೋದರೂ, ಎಲ್ಲಾದರೂ ಗಂಜಿ ಕುದಿಯುವ ವಾಸನೆ ಬಂದರೆ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ.

ಸಾತವ್ವ ಹುಟ್ಟಿದ್ದು ಚಿಮ್ಮಡದಲ್ಲಿ. ಅಪ್ಪನಿಗೆ ಒಂದು ಮಗ್ಗ, ಎರಡು ಎಕರೆ ಹೊಲ. ಅವಳ ಕೈ ಮಗ್ಗಕ್ಕಿಂತ ಹೊಲದಲ್ಲೇ ಹೆಚ್ಚು ಪಳಗಿತ್ತು. ಹದಿನಾರು ತುಂಬಿದಾಗ ಬನಹಟ್ಟಿಯ ಚನಮಲ್ಲಪ್ಪನ ಮನೆಗೆ ಸೊಸೆಯಾಗಿ ಬಂದಳು. ಮನೆ ಎಂದರೆ ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ. ಪಡಸಾಲೆಯ ಮುಕ್ಕಾಲು ಪಾಲು ಮಗ್ಗದ್ದು. ಅದು ಕುಣಿಮಗ್ಗ: ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಉಳಿದ ಕಾಲುಪಾಲಿನಲ್ಲಿ ಸಾತವ್ವನ ರಾಟಿ, ಅತ್ತೆ ಮುದಕವ್ವನ ರಾಟಿ, ಜಂತಿಗೆ ಕಟ್ಟಿದ ತೊಟ್ಟಿಲು. ತೊಟ್ಟಿಲಲ್ಲಿ ಹತ್ತು ತಿಂಗಳ ಶೇವಂತಿ.

ಶೇವಂತಿ ಅಂಬೆಗಾಲಿಟ್ಟ ದಿನ ಮನೆಮಂದಿ ನಕ್ಕರು. ಮೂರನೆಯ ದಿನ ಅವಳು ಕುಣಿಯ ಅಂಚಿಗೆ ಬಂದು, ಅಪ್ಪನ ಕಾಲು ಏಳುವುದನ್ನೂ ಇಳಿಯುವುದನ್ನೂ ಬಗ್ಗಿ ನೋಡುತ್ತ ಕೂತಾಗ ನಗು ನಿಂತಿತು.

"ಸಾತೀ, ನಿನ್ನ ಮಗಳು ನನಗ ನೇಯೂದು ಕಲಸಾಕ ಬಂದಾಳ. ಕರಕೋ," ಅಂದ ಚನಮಲ್ಲಪ್ಪ.

ಮಾತೇನೋ ತಮಾಷೆಯದೇ. ಆದರೆ ಲಾಳಿ ನಿಂತಿತ್ತು. ಲಾಳಿ ನಿಂತರೆ ಮಂಗಳವಾರದ ಸಂತೆಗೆ ಸೀರೆ ಇಲ್ಲ.

ಇದಕ್ಕೆ ಆ ಓಣಿಯಲ್ಲಿ ಒಂದು ಉಪಾಯವಿತ್ತು. ನಮ್ಮವರು ಅದನ್ನು ಬರೆಯುವುದಿಲ್ಲ. ಹಳೆಯ ಕಾಲ ಎಷ್ಟು ಚೆಂದ ಇತ್ತು ಎಂದು ಹೇಳುವಾಗ ಆ ಜಾಗಕ್ಕೆ ಬಂದ ಕೂಡಲೇ ಕೆಮ್ಮುತ್ತಾರೆ. ಅಫೀಮು. ಸಾಸಿವೆಕಾಳಿನಷ್ಟನ್ನು ಎದೆಹಾಲಿನಲ್ಲಿ ತೇದು ನಾಲಿಗೆಗೆ ಸವರಿದರೆ ಕೂಸು ಮೂರು ತಾಸು ಅಲುಗುವುದಿಲ್ಲ. ಪರವಾನಗಿ ಪಡೆದ ಅಂಗಡಿಯಲ್ಲಿ ಹಾಡುಹಗಲೇ ಸಿಗುತ್ತಿತ್ತು. ಕೊಟ್ಟ ತಾಯಂದಿರು ಕೆಟ್ಟವರಲ್ಲ. ಅವರಿಗಿದ್ದದ್ದು ಎರಡೇ ಕೈ. ಎರಡನ್ನೂ ನೂಲಿಗೆ ಕೊಟ್ಟ ಮೇಲೆ ಮೂರನೆಯ ಕೈಯನ್ನು ಅವರು ಅಂಗಡಿಯಿಂದ ತಂದರು, ಅಷ್ಟೆ. ಮುದಕವ್ವ ಅದನ್ನು ಸುಣ್ಣದ ಡಬ್ಬಿಯಷ್ಟೇ ದೊಡ್ಡದಾದ ಹಿತ್ತಾಳೆ ಡಬ್ಬಿಯಲ್ಲಿ ಹಾಕಿ, ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಸಾತವ್ವನೂ ಅದನ್ನು ತಪ್ಪು ಅಂದುಕೊಂಡವಳಲ್ಲ. ನೂಲಿಗೆ ಗಂಜಿ ಹಾಕುವ ದಿನ ಮಾತ್ರ ಕೊಡಬೇಕು ಎಂಬ ಕಟ್ಟಳೆ ಇಟ್ಟುಕೊಂಡಿದ್ದಳು.

ಗಂಜಿಯ ದಿನ ಎಂದರೆ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹಾಸು, ಅಂದರೆ ಸೀರೆಯ ಉದ್ದದೆಳೆಗಳನ್ನೆಲ್ಲ, ಬೆಳಕು ಮೂಡುವಾಗಲೇ ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಎಳೆದು ಕಟ್ಟಬೇಕು. ಗಂಜಿ ಸವರಬೇಕು. ಆಮೇಲೆ ಇಬ್ಬರು ಆಚೆ ಈಚೆ ನಿಂತು, ದೊಡ್ಡ ಕುಂಚ ಹಿಡಿದು, ಈ ತುದಿಯಿಂದ ಆ ತುದಿಗೆ ನಡೆಯುತ್ತ ಎಳೆ ಎಳೆ ಬಿಡಿಸಬೇಕು. ಬಿಸಿಲು ಬಲಿಯುವ ಮುಂಚೆ ಮುಗಿಯಬೇಕು, ನಡುವೆ ಕೈ ಬಿಡಬಾರದು. ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಒಣಗುತ್ತವೆ. ವಾರದ ನೂಲು ಹೋದಂತೆ.

ಆ ಶುಕ್ರವಾರ, ದೀಪಾವಳಿ ಕಳೆದು ಚಳಿ ಬಿದ್ದ ದಿನ, ಸಾತವ್ವ ಕೂಸಿಗೆ ಹಾಲು ಕುಡಿಸಿದಳು, ಅತ್ತೆಯ ಸಂಚಿ ಬಿಚ್ಚಿ ಕಾಳಿನಷ್ಟು ತೆಗೆದು ಸವರಿದಳು, ತೊಟ್ಟಿಲಿಗೆ ಹಾಕಿ ಹಿತ್ತಲಿಗೆ ಹೋಗಿ ಗಂಜಿಯ ಹಂಡೆ ಇಳಿಸಿದಳು. ಅಷ್ಟರಲ್ಲಿ ಮುದಕವ್ವ ತೊಟ್ಟಿಲ ಹತ್ತಿರ ಬಂದಳು. ಶೇವಂತಿ ಇನ್ನೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಸೊಸೆ ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ಮುದಕವ್ವ ಸಂಚಿ ಬಿಚ್ಚಿದಳು. ತನಗೆ ಗೊತ್ತಿದ್ದ ಅಳತೆ ತೆಗೆದಳು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೆಲಸದ ಮನೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಮಾಡಿಬಿಡುತ್ತಾರೆ.

ಹಾಸಿನ ಅರ್ಧದಲ್ಲಿ, ಕುಂಚ ಕೈಯಲ್ಲಿರುವಾಗ, ಸಾತವ್ವನ ಎದೆ ಬಿಗಿದು ಕುಪ್ಪಸ ಒದ್ದೆಯಾಯಿತು. ಹಾಲಿನ ಹೊತ್ತು ಮೀರಿತ್ತು. ಕೂಸಿನ ಅಳು ಕೇಳಿರಲಿಲ್ಲ.

"ಅತ್ತೀ, ಕೂಸು ಎದ್ದಿಲ್ಲಲ್ರಿ."

"ಮಲಗಿದ್ರ ಮಲಗಲಿ ಬೇ. ಕುಂಚಾ ಹೊಡಿ," ಅಂದಳು ಆಚೆ ಬದಿಯಿಂದ ಮುದಕವ್ವ.

ಸಾತವ್ವ ಇನ್ನೂ ನಾಲ್ಕು ಹೆಜ್ಜೆ ಕುಂಚ ಹೊಡೆದಳು. ಆಮೇಲೆ ಅದನ್ನು ಹಾಸಿನ ಮೇಲೇ ಬಿಟ್ಟು ಒಳಗೆ ಓಡಿದಳು. ಶೇವಂತಿಯ ಕುತ್ತಿಗೆ ಎತ್ತಿದತ್ತ ವಾಲಿತು. ತುಟಿ ನೇರಳೆಯಾಗಿತ್ತು. ಉಸಿರು ಒಂದು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಿತ್ತು.

"ನಾ ಕೊಟ್ಟಿದ್ದೆ," ಅಂದಳು ಸಾತವ್ವ.

ಬಾಗಿಲಲ್ಲಿ ನಿಂತ ಮುದಕವ್ವ "ನಾನೂ" ಅಂದಳು. ಆ ಎರಡು ಮಾತಿನ ಮೇಲೆ ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈಯಲು ಏನು ಉಳಿದಿತ್ತು.

ಮುಖಕ್ಕೆ ತಣ್ಣೀರು ಹಾಕಿದರು. ಅಂಗಾಲು ತಿಕ್ಕಿದರು. ಕೂಸು ಪೂರ್ತಿ ನಿದ್ದೆಗೆ ಜಾರಿದರೆ ಮತ್ತೆ ಏಳುವುದಿಲ್ಲ ಎಂಬುದೊಂದೇ ಸಾತವ್ವನಿಗೆ ತಿಳಿದದ್ದು. ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಕಿವಿಯಲ್ಲಿ ಹೆಸರು ಕರೆಯುತ್ತ, ಬೀದಿಯಲ್ಲಿ ಹಾಸಿನ ಪಕ್ಕಕ್ಕೆ ಈ ತುದಿಯಿಂದ ಆ ತುದಿಗೆ ನಡೆದಳು. ಕುಂಚ ಹಿಡಿದು ನಡೆಯುವ ಅದೇ ದಾರಿ. ಅವಳ ಮಗ್ಗುಲಲ್ಲೇ ಎಳೆಗಳು ಬಿಸಿಲಿಗೆ ಅಂಟಿಕೊಳ್ಳುತ್ತಿದ್ದವು. ಚನಮಲ್ಲಪ್ಪ ಒಮ್ಮೆ ಹಾಸಿನ ಕಡೆ ನೋಡಿದ, ಒಮ್ಮೆ ಮಗಳ ಕಡೆ. ಕುಂಚ ಎತ್ತಿ ಗೋಡೆಗೆ ಆನಿಸಿಟ್ಟು ಬಂದು ಮಗಳ ಅಂಗಾಲು ತಿಕ್ಕುತ್ತ ಹೆಂಡತಿಯ ಹಿಂದೆ ನಡೆದ. ಸೂರ್ಯ ನೆತ್ತಿಗೆ ಬಂದಾಗ ಶೇವಂತಿ ಅಮ್ಮನ ಹೆಗಲ ಮೇಲೆ ಕಾರಿಕೊಂಡಳು. ಆಮೇಲೆ ಅತ್ತಳು. ಓಣಿಯ ಮಗ್ಗಗಳೆಲ್ಲ ಅಷ್ಟು ಹೊತ್ತಿಗೆ ನಿಂತಿದ್ದವು. ಆ ಅಳು ಕೊನೆಯ ಮನೆಯವರೆಗೂ ಕೇಳಿಸಿತು.

ಹಾಸು ಹಲಗೆಯಂತೆ ಒಣಗಿತ್ತು. ಆ ಮಂಗಳವಾರ ಚನಮಲ್ಲಪ್ಪ ಬರಿಗೈಯಲ್ಲಿ ಸಂತೆಗೆ ಹೋಗಿ ಬರಿಗೈಯಲ್ಲಿ ಬಂದ.

ಆ ಸಂತೆಗೂ ಮುಂಚೆ, ಶುಕ್ರವಾರ ಕಳೆದ ಎರಡನೆಯ ದಿನ, ಜೋಳ ಬೀಸುವಾಗ, ಮುದಕವ್ವ ಬೀಸುಕಲ್ಲಿನ ಗೂಟ ಹಿಡಿದಲ್ಲೇ ನಿಲ್ಲಿಸಿದಳು. ಅವಳು ಹೆತ್ತದ್ದು ಐದು, ಉಳಿದದ್ದು ಮೂರು. ಸತ್ತ ಎರಡನ್ನು ಶಿವ ಕರೆದುಕೊಂಡ ಎಂದೇ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದಳು.

"ನನ್ನ ಎರಡನೇದೂ ಹಿಂಗ ಮಲಗಿತ್ತು, ಸಾತವ್ವ," ಅಂದಳು. "ತುಟಿ ಇದ ಬಣ್ಣಾ ಇತ್ತು. ಅವತ್ತೂ ಗಂಜಿ ದಿನಾನ."

ಸಾತವ್ವ ಗೂಟಕ್ಕೆ ತನ್ನ ಕೈಯನ್ನೂ ಹಚ್ಚಿದಳು. ಕಲ್ಲು ಮತ್ತೆ ತಿರುಗಿತು.

ಮರುದಿನ ಮುಂಜಾನೆ ತೊಟ್ಟಿಲ ಹಗ್ಗಕ್ಕೆ ಏಳು ದಾರ ತೂಗುತ್ತಿದ್ದವು. ಹಾಸು ಮುಗಿದಾಗ ಮಗ್ಗದಲ್ಲಿ ಉಳಿಯುವ ಮೊಳದುದ್ದದ ತುಂಡುಗಳು, ಒಂದೊಂದು ಒಂದೊಂದು ಬಣ್ಣ. ಸಾತವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಬಣ್ಣ ಬರುತ್ತಿತ್ತು.

"ಇದೇನ ಬೇ, ತೊಟ್ಟಲಕ್ಕ ಬಾಸಿಂಗ ಕಟ್ಟೀಯೇನು?" ಅಂದಳು ಮುದಕವ್ವ.

"ವಾರ ಕಟ್ಟೇನ್ರಿ ಅತ್ತಿ. ಇನ್ನ ಈ ಮನ್ಯಾಗ ಅಫೀಮು ಇಲ್ಲ. ಅದು ಮಾಡೂ ಕೆಲಸಾ ನಾವು ಹಂಚಕೊಳ್ಳಬೇಕು."

"ಹಂಚಕೊಳ್ಳಾಕ ಇರಾವ್ರರ ಯಾರು? ನಾ, ನೀ. ಮಗ್ಗಾ ಬಿಟ್ಟು ಅಂವಾ ಬರ್ತಾನೇನು?"

"ಅದನ್ನ ಹೇಳತೇನಿ, ಕೇಳ್ರಿ."

ಕೆಂಪು ಮಂಗಳವಾರ, ಸಂತೆಯ ದಿನ. ಕಟ್ಟಿಗೆ, ಕಾಯಿಪಲ್ಲೆ, ವಾರದ ಜೋಳ ಅಂದೇ ಬರಬೇಕು. ನಡುವೆ ಪೇಟೆಗೆ ಓಡುವುದಿಲ್ಲ. ಬಿಳಿಯದು ಗಂಜಿಯ ಶುಕ್ರವಾರ. ಅವತ್ತು ಅಡಿಗೆಗೆ ಒಲೆ ಹೊತ್ತಿಸುವುದಿಲ್ಲ. ಅದಕ್ಕೆ ಹಿಂದಿನ ದಿನ, ಹಳದಿ ದಾರದ ಗುರುವಾರ, ವಾರವಿಟ್ಟರೂ ಕೆಡದ ಕಟಗ ರೊಟ್ಟಿ ಬಡಿದು ಬುಟ್ಟಿ ತುಂಬಿಸಬೇಕು, ಶೇಂಗಾ ಹಿಂಡಿ ಕುಟ್ಟಬೇಕು. ರೊಟ್ಟಿ ಗಂಜಿಯ ದಿನವನ್ನೂ ದಾಟಿ ಭಾನುವಾರದ ತನಕ ಬರಬೇಕು. ಭಾನುವಾರ ಹಸಿರು, ಹಳ್ಳಕ್ಕೆ ಬಟ್ಟೆ, ಕೂಸು ಬೆನ್ನಿಗೆ. ಸೋಮವಾರದ ನೀಲಿಗೆ ಸಾತವ್ವ ಎರಡು ಗಂಟು ಹಾಕಿದ್ದಳು. ಮರುದಿನ ಸಂತೆ, ಅವತ್ತು ಕಂಡಿಕೆ ಎಷ್ಟಿದ್ದರೂ ಸಾಲದು. ಹಾಗಾಗಿ ಅತ್ತೆ ಸುತ್ತುವಾಗ ಸೊಸೆ ಕೂಸಿಗೆ, ಸೊಸೆ ಸುತ್ತುವಾಗ ಅತ್ತೆ ಕೂಸಿಗೆ.

ಕೇಸರಿ ದಾರ ಶನಿವಾರದ್ದು. ಅದು ಎದುರು ಮನೆಯ ಅನಸವ್ವನ ಪಾಲಿನದು. ಅನಸವ್ವನಿಗೂ ಒಂದು ತೊಟ್ಟಿಲಗೂಸು, ಅವಳ ಮನೆಯ ಗಂಜಿ ಶನಿವಾರ. ಸಾತವ್ವ ಅವಳ ಬಾಗಿಲಿಗೆ ಹೋಗಿ ಕೇಳಿದಳು: ಶುಕ್ರವಾರ ನೀನು ಬಂದು ನಮ್ಮ ಅತ್ತೆಯ ಬದಿಯ ಕುಂಚ ಹಿಡಿ, ಅತ್ತೆ ಎರಡೂ ಕೂಸು ನೋಡಿಕೊಳ್ಳುತ್ತಾಳೆ; ಶನಿವಾರ ನಿನ್ನ ಹಾಸಿನ ಕುಂಚ ಹಿಡಿಯಲು ನಾನು ಬರುತ್ತೇನೆ.

"ಕಳೆ ತೆಗಿಯಾಕ ಮುಯ್ಯಿ ಕೇಳೇನಿ," ಅಂದಳು ಅನಸವ್ವ. "ಕೂಸಿಗೂ ಮುಯ್ಯಿ ಎಲ್ಲೀದವ್ವಾ?"

"ನಮ್ಮ ಚಿಮ್ಮಡದಾಗ ಒಬ್ರ ಹೊಲಕ್ಕ ಒಬ್ರು ಹೋಗತೇವಿ. ಇವತ್ತ ನಿನ್ನ ಹೊಲ, ನಾಳಿಗಿ ನಂದು. ಇದೂ ಬೆಳಿಯೂದ ಅಲ್ಲನು?"

ಕೊನೆಗೆ ಉಳಿದದ್ದು ಬುಧವಾರದ ಕಪ್ಪು ದಾರ. ಊಟಕ್ಕೆ ಕೂತ ಚನಮಲ್ಲಪ್ಪನೇ ಕೇಳಿದ.

"ಕರೇದು ಯಾರ್ದು?"

"ನಿಮ್ದುರಿ."

"ಯಾಕ?"

"ಸಂತಿ ಮರುದಿನ ಮಧ್ಯಾಹ್ನದ ತನಕ ಮಗ್ಗಾ ಖಾಲಿ. ನೀವು ಕಟ್ಟಿಮ್ಯಾಲ ಕುಂತ ಎಲಿ ತಿಂತೀರಿ. ಕೂಸಿನ್ನ ತೊಡಿಮ್ಯಾಲ ಇಟಗೊಂಡ ಕುಂದರ್ರಿ. ಕಟ್ಟಿ ಅದ, ಎಲೀನೂ ಅದ."

"ಓಣ್ಯಾಗ ನಗತಾರ."

"ನಗಲಿ ಬಿಡ್ರಿ. ಅವತ್ತ ಮಗಳ ಹಿಂದ ನಡದ್ರಲ್ಲ, ಆವಾಗ ಯಾರ ನಕ್ರು?"

ಚನಮಲ್ಲಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅದೇ ಒಪ್ಪಿಗೆ.

ಬುಧವಾರ ಓಣಿ ನಕ್ಕಿದ್ದು ನಿಜ. "ಏ ಚನಮಲ್ಲಾ, ಹೊಸಾ ನಮೂನಿ ಸೀರಿ ನೇಯ್ದೀಯೇನೋ? ಅಳಾಕತ್ತೈತಲ್ಲ," ಎಂದು ಒಬ್ಬ ಕೂಗಿದ.

"ನೇಯ್ದೇನಿ," ಅಂದ ಚನಮಲ್ಲಪ್ಪ, ಒದ್ದೆಯಾದ ಧೋತರ ಎತ್ತಿ ತೋರಿಸಿ. "ಬಣ್ಣಾ ಒಂದ ಬಿಡಾಕತ್ತೈತಿ."

ಆ ಮಧ್ಯಾಹ್ನ ಮಗ್ಗಕ್ಕೆ ಇಳಿಯುವ ಮುಂಚೆ ಅವನು ಯಾರೂ ಹೇಳದೆ ಒಂದು ಕೆಲಸ ಮಾಡಿದ. ಹಳೆಯ ಬಾಗಿಲಿನ ಹಲಗೆ ಕೊರೆದು ಕುಣಿಗೆ ಮುಚ್ಚಳ ಮಾಡಿದ. ಒಂದು ಹೊತ್ತು ತೊಡೆಯ ಮೇಲೆ ಕೂಸು ಇಟ್ಟುಕೊಂಡವನಿಗೆ, ಅದು ಎಷ್ಟು ಬೇಗ ಜಾರಿಕೊಳ್ಳುತ್ತದೆ ಎಂದು ತಿಳಿದಿತ್ತು.

ಆದರೂ ಎಲ್ಲವೂ ನಿಂತದ್ದು ಶುಕ್ರವಾರದ ಮೇಲೆ. ಇನ್ನೊಂದು ಹಾಸು ಹೋದರೆ ಅಫೀಮು ಮತ್ತೆ ಮನೆಗೆ ಬರುತ್ತದೆ, ಆಮೇಲೆ ಯಾರ ಬಾಯಿಯನ್ನೂ ಮುಚ್ಚಿಸಲಾಗುವುದಿಲ್ಲ ಎಂದು ಸಾತವ್ವನಿಗೆ ಗೊತ್ತಿತ್ತು. ಮುದಕವ್ವನ ಸಂಚಿಯಿಂದ ಆ ಡಬ್ಬಿಯನ್ನು ಅವಳು ಕಸಿದುಕೊಂಡಿರಲಿಲ್ಲ. ಅತ್ತೆಯ ಸಂಚಿಗೆ ಕೈ ಹಾಕಿ ಕಸಿಯುವ ಸೊಸೆ ಆ ಕಾಲದಲ್ಲಿ ಇರಲಿಲ್ಲ. ತನ್ನ ಮಾತು ಕೇಳಿ ಅತ್ತೆಯೇ ಅದನ್ನು ಹೊರಗೆ ಹಾಕುವುದಾದರೆ ಹಾಕಲಿ ಎಂದು ಬಿಟ್ಟಿದ್ದಳು.

ಶುಕ್ರವಾರ ಬೆಳಕು ಮೂಡಿತು. ಸಾಲ ಮಾಡಿ ತಂದ ನೂಲಿನ ಹಾಸು ಎಳೆದರು. ಒಂದು ಬದಿಗೆ ಸಾತವ್ವ, ಇನ್ನೊಂದು ಬದಿಗೆ ಅನಸವ್ವ. ಗಂಜಿ ಸವರಿ ಕುಂಚ ಹಿಡಿದು ಹತ್ತು ಹೆಜ್ಜೆ ನಡೆದಿರಲಿಲ್ಲ, ಮನೆಯೊಳಗೆ ಶೇವಂತಿ ಶುರು ಮಾಡಿದಳು. ಅವಳ ದನಿಗೆ ಅನಸವ್ವನ ಮಗನೂ ದನಿಗೂಡಿಸಿದ. ಮುದಕವ್ವ ಹಾಡುತ್ತಿದ್ದದ್ದು ಕೇಳಿಸುತ್ತಿತ್ತು, ಆಮೇಲೆ ಬೈಯುತ್ತಿದ್ದದ್ದು, ಆಮೇಲೆ ಮತ್ತೆ ಹಾಡು.

"ನಿಮ್ಮತ್ತಿ ಹಾಡಿಗೆ ಹುಡುಗೂರು ಅಂಜಿ ಅಳಾಕತ್ತಾವು," ಅಂದಳು ಅನಸವ್ವ.

ಸಾತವ್ವ ನಗಲಿಲ್ಲ. ಯಾಕೆಂದರೆ ಆಗಲೇ ಒಳಗಿನ ಅಳು ಥಟ್ಟನೆ ನಿಂತಿತು. ಎರಡೂ ಕೂಸು, ಒಟ್ಟಿಗೇ. ಹಾಡೂ ಇಲ್ಲ.

ಅವಳು ಹಾಸಿನ ನಡುಮಧ್ಯದಲ್ಲಿದ್ದಳು. ಕುಂಚ ಬಿಟ್ಟು ಓಡಿದರೆ ಹಾಸು ಹೋಗುತ್ತದೆ; ಓಡದಿದ್ದರೆ ಏನು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುಂಚ ಕೆಳಗಿಟ್ಟಳು. ಹೊಸ್ತಿಲು ದಾಟುವ ಮುಂಚೆ ಒಳಗಿನಿಂದ ಒಂದು ಸಪ್ಪಳ ಬಂತು. ಗಿಲಿಗಿಲಿ. ಆಮೇಲೆ ಶೇವಂತಿಯ ನಗು.

ಮುದಕವ್ವ ಕಾಲು ಚಾಚಿ ಕೂತಿದ್ದಳು. ಎರಡು ತೊಡೆಗೆ ಎರಡು ಕೂಸು. ಅವಳ ಕೈಯಲ್ಲಿ ಆ ಹಿತ್ತಾಳೆ ಡಬ್ಬಿ. ಒಳಗಿದ್ದದ್ದನ್ನು ಒಲೆಯ ಬೂದಿಗೆ ಸುರಿದು, ತಿಕ್ಕಿ ತೊಳೆದು, ನಾಲ್ಕು ಜೋಳದ ಕಾಳು ಹಾಕಿ ಮುಚ್ಚಳ ಬಿಗಿದಿದ್ದಳು. ಅಲ್ಲಾಡಿಸಿದರೆ ಗಿಲಿಗಿಲಿ.

"ಯಾಕ ಬಂದಿ?" ಅಂದಳು ಸೊಸೆಯ ಕಡೆ ನೋಡದೆ. "ಹಾಸು ಒಣಗತೈತಿ, ಹೋಗು."

ಸಾತವ್ವ ಹೋದಳು. ಎಳೆಗಳು ಇನ್ನೂ ಹಸಿಯಾಗಿದ್ದವು. ಕುಂಚ ಹೊಡೆಯುವಾಗ ಅವಳ ಕಣ್ಣೀರು ಹಾಸಿನ ಮೇಲೆ ಬಿತ್ತು. ಅನಸವ್ವ ಅದನ್ನೂ ಸೇರಿಸಿ ಬಿಡಿಸಿದಳು. ಮಂಗಳವಾರದ ಸಂತೆಗೆ ಸೀರೆ ಹೋದವು.

ಆಮೇಲೆ ಎಷ್ಟು ತೊಟ್ಟಿಲಿಗೆ ದಾರ ಬಂತು ಎಂದು ಯಾರೂ ಎಣಿಸಿಲ್ಲ. ಓಣಿಯ ಎಲ್ಲ ಮನೆಗೂ ಬಂತು ಎಂದರೆ ಸುಳ್ಳು. ಕೆಲವರು ನಕ್ಕರು, ಕೆಲವು ಮನೆಯಲ್ಲಿ ಕಪ್ಪು ದಾರ ಕಟ್ಟಿದ ಮರುದಿನವೇ ಕಾಣೆಯಾಯಿತು. ಆದರೆ ಬುಧವಾರ ಮುಂಜಾನೆ ಕಟ್ಟೆಯ ಮೇಲೆ ಎಲೆ ಮೆಲ್ಲುತ್ತ, ತೊಡೆಯ ಮೇಲೆ ಕೂಸು ಕುಣಿಸುತ್ತ ಕೂತ ಮೂರು ನಾಲ್ಕು ಗಂಡಸರು, ಅವರ ಮೇಲೆ ಬೀಳುವ ಎಳೆಬಿಸಿಲು, ಸಂತೆಯಿಂದ ತಂದ ಹೊಸ ನೂಲಿನ ಲಡಿಗಳ ವಾಸನೆ, ಎಲ್ಲೋ ಒಂದು ಡಬ್ಬಿಯ ಗಿಲಿಗಿಲಿ. ಆ ಓಣಿಯ ಬುಧವಾರಗಳು ಹಾಗಿದ್ದವು. ಈಗ ಅಂಥ ಬುಧವಾರ ಹುಡುಕಿದರೂ ಸಿಗುವುದಿಲ್ಲ.

ಸಂಸ್ಥಾನಗಳು ಮುಗಿದ ವರ್ಷ, ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ, ಬನಹಟ್ಟಿಗೂ ರಬಕವಿಗೂ ರಾಜರಿಲ್ಲದಂತಾಯಿತು. ಅದೇ ವರ್ಷ ಶೇವಂತಿ ತವರಿನಲ್ಲಿ ಚೊಚ್ಚಲ ಬಾಣಂತನ ಮುಗಿಸಿ, ಗಂಡನ ಮನೆ ರಬಕವಿಗೆ ಹೊರಟಳು. ಮುದಕವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು. ಡಬ್ಬಿ ಮೊಮ್ಮಗಳ ಗಂಟಿನಲ್ಲಿತ್ತು. ಸಾತವ್ವ ಬಂಡಿಗೆ ಏರಿಸಿದ ತೊಟ್ಟಿಲಿಗೆ ಏಳು ದಾರ ತಾನೇ ಕಟ್ಟಿದಳು. ಆರನ್ನು ಮಗಳಿಗೆ ತೋರಿಸಿ ಹೇಳಿದಳು. ಕಪ್ಪನ್ನು ಹಿಡಿದು ಅಳಿಯನನ್ನು ಕರೆದಳು.

"ನಿಂಗಣ್ಣ, ಇದು ನಿಂದಪಾ. ಬಿಚ್ಚಬ್ಯಾಡ."

ನಿಂಗಣ್ಣ ತಲೆ ತಗ್ಗಿಸಿ ದಾರದ ಗಂಟು ಎಳೆದು ನೋಡಿದ. ಗಟ್ಟಿಯಾಗಿತ್ತು.

ಅಫೀಮಿನ ಅಂಗಡಿ ಈಗಿಲ್ಲ ಎಂದು ಸಮಾಧಾನ ಪಡಬೇಡಿ. ನಿಮ್ಮ ಮನೆಯಲ್ಲಿ ಇವತ್ತೂ ಒಬ್ಬಳು ಎರಡೇ ಕೈಯಲ್ಲಿ ಒಲೆಯನ್ನೂ ಕೂಸನ್ನೂ ಹಿಡಿದು ವಾರ ದಾಟುತ್ತಿದ್ದಾಳೆ. ಕೂಸು ಸುಮ್ಮನಿದ್ದರೆ ಸಾಕು, ಹೇಗೆ ಸುಮ್ಮನಾಯಿತು ಎಂದು ನೀವು ಕೇಳುವುದಿಲ್ಲ. ಸಾತವ್ವನ ಕಥೆ ಓದಿ ಕಣ್ಣು ಒರೆಸಿಕೊಳ್ಳುವುದರಿಂದ ಆ ಕೈಗಳಿಗೆ ಏನೂ ಆಗುವುದಿಲ್ಲ. ಏಳಿ. ಈ ವಾರದ ಏಳು ದಿನಗಳಲ್ಲಿ ನಿಮ್ಮದು ಯಾವುದು ಎಂದು ಹೋಗಿ ಅವಳಿಗೆ ಹೇಳಿ, ಆ ದಿನದ ದಾರವನ್ನು ನಿಮ್ಮ ಕೈಯಿಂದಲೇ ಕಟ್ಟಿ.